ಮಾವನ ಗ್ರೈಂಡರ್ ಮತ್ತು ನನ್ನ ಎಲ್‌ಎಲ್‌ಎಂ

ಕಳೆದ ವಾರ ಎಲ್‌ಎಲ್‌ಎಂಗೆ (ಕಾನೂನಿನ ಸ್ನಾತಕೋತ್ತರ ಪದವಿಗೆ) ಫೀಸು ಕಟ್ಟಿ ಬಂದೆ. ಮನೆಯಲ್ಲಿ ಹೇಳಿದಾಗ ಅಪ್ಪ ಪೇಪರಿನಿಂದ ತಲೆ ಎತ್ತಿ ಕೇಳಿದರು, “ಇದು ಮುಗಿದ ಮೇಲೆ ಬೇರೆ ಕೋಟು ಉಂಟಾ?”

ಇಲ್ಲ. ಕೋಟು ಅದೇ, ಬ್ಯಾಂಡು ಅದೇ. ವಕೀಲಿ ಮಾಡಲು ಎಲ್‌ಎಲ್‌ಬಿ ಸಾಕು. ಬಾರ್ ಕೌನ್ಸಿಲ್‌ನಲ್ಲಿ ಹೆಸರು ಬರೆಸಿ, ಎಐಬಿಇ ಅನ್ನುವ ವಕೀಲರ ಪರೀಕ್ಷೆ ಪಾಸಾದರೆ ಮುಗಿಯಿತು. ಎಲ್‌ಎಲ್‌ಎಂ ಉಂಟು ಅಂತ ಯಾವ ಜಡ್ಜೂ ಎರಡು ನಿಮಿಷ ಜಾಸ್ತಿ ವಾದ ಕೇಳುವುದಿಲ್ಲ. ಹಾಗಾದರೆ ನಾಲ್ಕು ವರ್ಷ ಪ್ರಾಕ್ಟೀಸ್ ಆದ ಮೇಲೆ, 29ನೇ ವಯಸ್ಸಿನಲ್ಲಿ, ಡೊಂಬಿವಲಿ ಫಾಸ್ಟ್ ಲೋಕಲ್‌ನಲ್ಲಿ ದಿನಾ ನಜ್ಜುಗುಜ್ಜಾಗುವ ನನಗೆ ಇದೆಲ್ಲ ಯಾಕೆ?

ಉತ್ತರ ನಮ್ಮ ಮಾವನ ಹೋಟೆಲಿನಲ್ಲಿದೆ. ಈಗ ಆ ಹೋಟೆಲ್ ಇಲ್ಲ. ಅಲ್ಲಿ ಮೊಬೈಲ್ ಅಂಗಡಿ ಬಂದಿದೆ.

ಮುಂಬೈಯ ನಮ್ಮವರಿಗೆ ‘ಕಂಡಕ್ಟಿಂಗ್’ ಅಂದರೆ ಏನಂತ ಹೇಳಬೇಕಿಲ್ಲ. ಊರಲ್ಲಿರುವವರಿಗಾಗಿ ಹೇಳುತ್ತೇನೆ. ಜಾಗ ಒಬ್ಬರದು, ಹೋಟೆಲಿನ ಲೈಸೆನ್ಸ್ ಅವರ ಹೆಸರಲ್ಲೇ. ನಡೆಸುವವರು ಇನ್ನೊಬ್ಬರು. ನಡೆಸುವವರು ದೊಡ್ಡ ಡಿಪಾಸಿಟ್ ಕೊಟ್ಟು, ತಿಂಗಳಿಗೆ ಇಂತಿಷ್ಟು ಅಂತ ಕಟ್ಟುತ್ತಾರೆ. ಇದನ್ನು ಬಾಡಿಗೆ ಅಂತ ಕರೆಯುವ ಹಾಗಿಲ್ಲ, ‘ರಾಯಲ್ಟಿ’ ಅನ್ನಬೇಕು. ಬೋರ್ಡಿನಲ್ಲಿ ಯಾರ ಹೆಸರೇ ಇರಲಿ, ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಸಾಂಬಾರಿಗೆ ಒಗ್ಗರಣೆ ಹಾಕಿಸುವವರು ಕಂಡಕ್ಟಿಂಗ್‌ನವರು. ಕಾರ್ಕಳ, ಕುಂದಾಪುರ ಕಡೆಯಿಂದ ಬಂದ ಎಷ್ಟೋ ಜನ ಹೀಗೆ ಮೇಲೆ ಬಂದರು. ಅಪ್ಪ 14ನೇ ವಯಸ್ಸಿಗೆ ಬಂದು, ಹಗಲು ಕಪ್ಪು ತೊಳೆದು, ರಾತ್ರಿ ಮುಂಬೈಯ ಕೋಟೆ (ಫೋರ್ಟ್) ಭಾಗದ ಕನ್ನಡ ರಾತ್ರಿಶಾಲೆಯಲ್ಲಿ ಕಲಿತವರು. ಕೊನೆಗೆ ಗಲ್ಲಾದಲ್ಲಿ ಕೂತರು. ಅಮ್ಮನ ಅಣ್ಣ, ನಮ್ಮ ಮಾವ, ಇನ್ನೊಂದು ಹೆಜ್ಜೆ ಮುಂದೆ ಹೋಗಿ 2004ರಲ್ಲಿ ಘಾಟ್‌ಕೋಪರ್‌ನಲ್ಲಿ ಕಂಡಕ್ಟಿಂಗ್ ಹಿಡಿದರು.

ಹನ್ನೊಂದು ವರ್ಷ ನಡೆಸಿದರು. ನಾನು ಶಾಲೆಯಿಂದ ಅಲ್ಲಿಗೇ ಹೋಗಿ ಬನ್ಸ್ ತಿನ್ನುತ್ತಿದ್ದೆ. ಆಮೇಲೆ ಮಾಲೀಕರ ಮಗ ಬಂದ, ನೋಟಿಸ್ ಬಂತು. ಮಾವ ವಕೀಲರನ್ನು ಹಿಡಿದರು. ಆ ವಕೀಲರು ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಕೇಸು ಹಾಕಿದರು. ಎದುರು ಪಕ್ಷದವರು ಒಂದೇ ಮಾತು ಹೇಳಿದರು: ಇದು ಜಾಗದ ಲೈಸೆನ್ಸ್ (ಅಂದರೆ ಜಾಗ ಬಳಸಲು ಕೊಡುವ ಒಪ್ಪಿಗೆ) ಅಲ್ಲ, ನಮ್ಮ ನಡೆಯುತ್ತಿದ್ದ ಬಿಸಿನೆಸ್ಸನ್ನು ನಡೆಸಲು ಕೊಟ್ಟದ್ದು, ಈ ಕೋರ್ಟಿಗೆ ಅಧಿಕಾರವೇ ಇಲ್ಲ. ನಾಲ್ಕು ವರ್ಷ ತಾರೀಖಿನ ಮೇಲೆ ತಾರೀಖು. ಕೊನೆಗೆ ಕೋರ್ಟು ಹೌದು ಅಂದಿತು. ದಾವೆ ಪತ್ರ ವಾಪಸ್, ಸರಿಯಾದ ಕೋರ್ಟಿಗೆ ಹೋಗಿ ಅಂತ. ನಮ್ಮ ಭಾಷೆಯಲ್ಲಿ ಅದಕ್ಕೆ ಆರ್ಡರ್ 7 ರೂಲ್ 10 ಅನ್ನುತ್ತಾರೆ. ಮಾವನ ಭಾಷೆಯಲ್ಲಿ, “ನಾಲ್ಕು ವರ್ಷ ತಪ್ಪು ಪ್ಲಾಟ್‌ಫಾರಂನಲ್ಲಿ ನಿಂತೆ ಮಾರಾಯ್ತಿ.”

ಆಗ ನಾನು ಎಲ್‌ಎಲ್‌ಬಿ ಎರಡನೇ ವರ್ಷದಲ್ಲಿದ್ದೆ. ಆ ಆದೇಶವನ್ನು ಓದಿ ನನಗೆ ಏನೂ ಅರ್ಥವಾಗಲಿಲ್ಲ. ಅದು ಒಂದು ಮುಳ್ಳಿನ ಹಾಗೆ ಉಳಿದುಬಿಟ್ಟಿತು.

ಈಗ ಸ್ವಲ್ಪ ಅರ್ಥವಾಗುತ್ತದೆ. ಗ್ರೇಟರ್ ಮುಂಬೈಯಲ್ಲಿ ಜಾಗದ ಮಾಲೀಕರಿಗೂ ಲೈಸೆನ್ಸಿಗೂ (ಅಂಥ ಲೈಸೆನ್ಸ್ ಮೇಲೆ ಜಾಗದಲ್ಲಿ ಇರುವವರಿಗೂ) ನಡುವಿನ ಸ್ವಾಧೀನದ ಜಗಳ ಸ್ಮಾಲ್ ಕಾಸಸ್ ಕೋರ್ಟಿಗೇ ಹೋಗಬೇಕು. 1882ರ ಕಾಯ್ದೆಯ ಸೆಕ್ಷನ್ 41. ಆದರೆ ಕೊಟ್ಟದ್ದು ಜಾಗವಲ್ಲ, ಬಿಸಿನೆಸ್ ಅಂತಾದರೆ ಕಥೆಯೇ ಬೇರೆ. ಇದರ ಬೇರು ಇನ್ನೂ ಹಿಂದೆ ಇದೆ. ಹಳೆಯ ಬಾಂಬೆ ಬಾಡಿಗೆ ಕಾಯ್ದೆ 1947ರದ್ದು. 1973ರಲ್ಲಿ ಅದಕ್ಕೆ ಒಂದು ತಿದ್ದುಪಡಿ ಬಂತು. ಆ ವರ್ಷ ಫೆಬ್ರವರಿ 1ರಂದು ಜಾರಿಯಲ್ಲಿದ್ದ ಲೈಸೆನ್ಸ್ ಮೇಲೆ ಜಾಗದಲ್ಲಿ ಇದ್ದವರೆಲ್ಲ ಬಾಡಿಗೆದಾರರು ಅಂತ ಆಯಿತು. ರಾತ್ರಿ ಬೆಳಗಾಗುವುದರೊಳಗೆ ಎಷ್ಟು ಜನರ ಬದುಕು ಬದಲಾಗಿರಬೇಡ! ಆದರೆ ಅದೇ ತಿದ್ದುಪಡಿ ಲೈಸೆನ್ಸಿ ಅಂದರೆ ಯಾರು ಅಂತ ಹೇಳುವಾಗ ಕೆಲವರನ್ನು ಹೊರಗಿಟ್ಟಿತು. ಪೇಯಿಂಗ್ ಗೆಸ್ಟ್, ಮನೆಯವರು, ನೌಕರರು. ಅವರ ಜೊತೆಗೆ, ಮಾಲೀಕರ ‘ನಡೆಯುತ್ತಿರುವ ಬಿಸಿನೆಸ್’ ನಡೆಸುವವರು. ಅಂದರೆ ಕಂಡಕ್ಟಿಂಗ್‌ನವರು.

ಆ ಒಂದು ಸಾಲಿನ ಮೇಲೆ ನಮ್ಮವರ ಅರ್ಧ ಹೋಟೆಲುಗಳು ನಿಂತಿವೆ ಅಂತ ನನ್ನ ನಂಬಿಕೆ. ಮಾಲೀಕರು ಬುದ್ಧಿವಂತರು. ಅಗ್ರಿಮೆಂಟಿನಲ್ಲಿ ಮೊದಲ ಸಾಲೇ “ನಮ್ಮ ನಡೆಯುತ್ತಿರುವ ಬಿಸಿನೆಸ್” ಅಂತ ಇರುತ್ತದೆ. ಕೊನೆಗೆ ಒಂದು ಪಟ್ಟಿ: ಮೇಜು ಇಷ್ಟು, ಕುರ್ಚಿ ಇಷ್ಟು, ಗ್ರೈಂಡರ್ ಒಂದು. ಎಲ್ಲ ಮಾಲೀಕರದು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ಬಂದರೂ ಈ ಮಾತು ಹಾಗೇ ಮುಂದುವರಿಯಿತು. (ಬೆಂಗಳೂರಿನ ನನ್ನ ಅತ್ತೆ ಮಗಳು 11 ತಿಂಗಳ ಬಾಡಿಗೆ ಕರಾರು ಮಾಡಿ ರಿಜಿಸ್ಟ್ರೇಷನ್ ಉಳಿಸಿದೆ ಅಂತ ಬೀಗುತ್ತಾಳೆ. ಇಲ್ಲಿ ಅದು ನಡೆಯುವುದಿಲ್ಲ. ಸೆಕ್ಷನ್ 55ರ ಪ್ರಕಾರ ತಿಂಗಳು ಎಷ್ಟೇ ಇರಲಿ, ಲೀವ್ ಆಂಡ್ ಲೈಸೆನ್ಸ್ ಬರಹದಲ್ಲಿರಬೇಕು, ರಿಜಿಸ್ಟರ್ ಆಗಬೇಕು.)

ಇಷ್ಟೆಲ್ಲ ಗೊತ್ತಿದ್ದ ಮೇಲೂ ಮಾವನಂಥವರು ನಮ್ಮ ಆಫೀಸಿಗೆ ಬಂದರೆ ನನ್ನ ಹತ್ತಿರ ಗಟ್ಟಿ ಉತ್ತರ ಇರುವುದಿಲ್ಲ. ಸೀನಿಯರ್ ಹತ್ತಿರ ಇರುತ್ತದೆ. ಅದು ಅವರ ಮೂವತ್ತು ವರ್ಷದ ಅನುಭವ. ಧೋಬಿ ತಲಾವ್‌ನ ಆ ಸ್ಮಾಲ್ ಕಾಸಸ್ ಕೋರ್ಟಿನ ಕಾರಿಡಾರಿನಲ್ಲಿ ನಿಂತೇ ಅವರಿಗೆ ಗೊತ್ತಾಗಿಬಿಡುತ್ತದೆ. ನನಗೆ ಮೂವತ್ತು ವರ್ಷ ಕಾಯುವಷ್ಟು ತಾಳ್ಮೆ ಇಲ್ಲ.

ಹೀಗೆ ಎರಡು ವರ್ಷದ ಹಿಂದೆ ಎಲ್‌ಎಲ್‌ಎಂ ಹುಳ ತಲೆಗೆ ಹೊಕ್ಕಿತು. ಆದರೆ ಶುರು ಮಾಡಿದ್ದು ಉಲ್ಟಾ. ಏನು ಓದಬೇಕು ಅನ್ನುವುದು ಬಿಟ್ಟು, ಎಲ್ಲಿ ಓದಬೇಕು ಅಂತ ಹುಡುಕಿದೆ.

ಮೊದಲು ಲಂಡನ್. ಎಲ್ಲರ ಮೊದಲ ಹುಚ್ಚೂ ಅದೇ ಅಲ್ವಾ? ವಿದೇಶದ ಓದಿಗೆ ಕಳಿಸುವ ಒಂದು ಆಫೀಸಿಗೆ ಹೋದೆ. ಹೆಸರು ಬೇಡ. ಎ.ಸಿ. ಗಡಗಡ ನಡುಗಿಸುವಷ್ಟು. ಗೋಡೆಯ ಮೇಲೆ ಗಡಿಯಾರದ ಗೋಪುರ. ಅಲ್ಲಿದ್ದ ಹುಡುಗ “ಒಂದು ವರ್ಷ ಎಲ್‌ಎಲ್‌ಎಂ ಮಾಡಿ ಮೇಡಂ, ಅಲ್ಲೇ ಸಾಲಿಸಿಟರ್ ಆಗಬಹುದು” ಅಂದ. ಅಷ್ಟು ಸುಲಭವಾ ಅಂತ ಕೇಳಿದೆ. “ಹೂಂ ಮೇಡಂ” ಅಂದ. ಮನೆಗೆ ಬಂದು ನೋಡಿದರೆ ಹಾಗಿಲ್ಲ. ಅಲ್ಲಿ ಸಾಲಿಸಿಟರ್ ಆಗಬೇಕಾದರೆ ಎಸ್‌ಕ್ಯೂಇ ಅಂತ ಬೇರೆಯೇ ಪರೀಕ್ಷೆ ಇದೆ, 2021ರಿಂದ. ಎರಡು ಹಂತ. ಎಲ್‌ಎಲ್‌ಎಂ ಆಗಿದೆ ಅಂತ ಅದನ್ನು ಬಿಡುವುದಿಲ್ಲ. ಅಮೆರಿಕದ ಕಥೆ ಸ್ವಲ್ಪ ಬೇರೆ. ಅಲ್ಲಿ ಎಲ್‌ಎಲ್‌ಎಂ ಮಾಡಿ ನ್ಯೂಯಾರ್ಕ್ ಬಾರ್ ಪರೀಕ್ಷೆಗೆ ಕೂರುವ ನಮ್ಮವರು ಇದ್ದಾರೆ. ಆದರೆ ಅವರು ದೊಡ್ಡ ಕಂಪನಿಗಳ ಒಪ್ಪಂದ ಬರೆಯುವವರು. ನಾನು ಗ್ರೈಂಡರ್ ಲೆಕ್ಕ ಹಾಕುವವಳು.

ಆದರೂ ದುಡ್ಡಿನ ಲೆಕ್ಕ ಹಾಕಿಯೇ ಬಿಟ್ಟೆ. ನಾನು ನೋಡಿದ ಕೋರ್ಸಿಗೆ ಫೀಸು, ರೂಮು, ವೀಸಾ, ಟಿಕೆಟ್ ಸೇರಿ 40 ಲಕ್ಷ ದಾಟಿತು. ಅಪ್ಪನಿಗೆ ತೋರಿಸಿದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, “ಇದರಲ್ಲಿ ಒಂದು ಹೋಟೆಲ್ ಬರ್ತದೆ” ಅಂದರು. ಸ್ಕಾಲರ್‌ಶಿಪ್ ಇಲ್ಲವಾ ಅಂತ ನೀವು ಕೇಳಬಹುದು. ಇದೆ. ಬ್ರಿಟನ್ ಸರ್ಕಾರ ಕೊಡುವ ಚೀವನಿಂಗ್‌ಗೆ ಎರಡು ವರ್ಷದ ಕೆಲಸದ ಅನುಭವ ಬೇಕು, ಅದು ನನಗಿತ್ತು. ಅರ್ಜಿಯಲ್ಲಿ ಮುಂದೆ ಏನು ಮಾಡುತ್ತೀರಿ ಅಂತ ಬರೆಯಬೇಕಾಗಿ ಬಂದಾಗ ಪೆನ್ನು ನಿಂತಿತು. ನಿಜ ಬರೆದರೆ “ವಾಪಸ್ ಬಂದು ಧೋಬಿ ತಲಾವ್‌ನಲ್ಲಿ ಕೂರುತ್ತೇನೆ” ಅಂತ ಬರೆಯಬೇಕಿತ್ತು. ಅದಕ್ಕೆ ಲಂಡನ್ ಯಾಕೆ?

ಆಮೇಲೆ ಕ್ಲಾಟ್, ಲಾ ಯೂನಿವರ್ಸಿಟಿಗಳ ಪ್ರವೇಶ ಪರೀಕ್ಷೆ. ಅದರ ಪಿಜಿ ಪೇಪರು: 120 ಪ್ರಶ್ನೆ, ಎರಡು ಗಂಟೆ, ತಪ್ಪಿಗೆ ಕಾಲು ಅಂಕ ಕಟ್. ತೀರ್ಪಿನ ತುಂಡುಗಳನ್ನು ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳುತ್ತಾರೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್, ಇಲ್ಲಿನ ಪವಾಯಿಯಲ್ಲಿರುವ ಮಹಾರಾಷ್ಟ್ರದ ಲಾ ಯೂನಿವರ್ಸಿಟಿ, ಎಲ್ಲದಕ್ಕೂ ಇದೇ ಬಾಗಿಲು. ದೆಹಲಿಯದ್ದು ಮಾತ್ರ ಬೇರೆ, ಅವರದು ಐಲೆಟ್. ಡಿಸೆಂಬರಿನ ಒಂದು ಭಾನುವಾರ ಬರೆದೆ. ಪಕ್ಕದ ಬೆಂಚಿನ ಹುಡುಗಿ ಐದು ವರ್ಷದ ಕೋರ್ಸಿನ ಕೊನೆಯ ವರ್ಷದವಳು, ನನ್ನನ್ನು “ಆಂಟಿ” ಅನ್ನಲಿಲ್ಲ ಅಷ್ಟೇ. ಬಂದದ್ದು ನಡುಮಧ್ಯದ ರ‍್ಯಾಂಕ್. ಬೆಂಗಳೂರು ಸಿಗುವುದಿಲ್ಲ ಅಂತ ಅವತ್ತೇ ಗೊತ್ತಾಯಿತು. ಒಂದು ದಿನ ಬೇಸರವಾಯಿತು, ಮರುದಿನ ಕೋರ್ಟಿನ ಬೋರ್ಡಿನಲ್ಲಿ ನಮ್ಮ ಎಂಟು ಕೇಸು ಇತ್ತು, ಮರೆತೆ.

ಆದರೆ ಈ ಗದ್ದಲದಲ್ಲಿ ಒಂದು ಒಳ್ಳೆಯದಾಯಿತು. ಒಂದು ವರ್ಷದ ಎಲ್‌ಎಲ್‌ಎಂ ಒಳಗೆ ಏನಿದೆ ಅಂತ ಮೊದಲ ಸಲ ಕೂತು ಓದಿದೆ. ಈ ಒಂದು ವರ್ಷದ ಕೋರ್ಸು ಯುಜಿಸಿಯ 2012ರ ಮಾರ್ಗಸೂಚಿಯಿಂದ ಬಂದದ್ದು. 2021ರ ಜನವರಿಯಲ್ಲಿ ಬಾರ್ ಕೌನ್ಸಿಲ್ ಇದನ್ನು ತೆಗೆದುಹಾಕುವ ನಿಯಮ ತಂದಿತ್ತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಕೋರ್ಸುಗಳು ಮಾತ್ರ ನಡೆದುಕೊಂಡೇ ಬಂದಿವೆ. ಮಾರ್ಗಸೂಚಿಯ ಲೆಕ್ಕದಲ್ಲಿ ಒಟ್ಟು 24 ಕ್ರೆಡಿಟ್. ಎಲ್ಲರೂ ಓದಲೇಬೇಕಾದ ಮೂರು ಪೇಪರಿಗೆ ತಲಾ ಮೂರು. ನಾವೇ ಆರಿಸುವ ಆರು ಪೇಪರಿಗೆ ತಲಾ ಎರಡು. ಕೂಡಿ ನೋಡಿ. 21. ಪ್ರಬಂಧಕ್ಕೆ, ಅಂದರೆ ಡಿಸರ್ಟೇಷನ್‌ಗೆ, ಉಳಿದದ್ದು ಮೂರು.

ಮೂರು! ನನಗೆ ಬೇಕಾದದ್ದು ಆ ಮೂರೇ. ಉಳಿದ 21ಕ್ಕೆ ನಾನು ಪ್ರಾಕ್ಟೀಸ್ ಬಿಟ್ಟು ಒಂದು ವರ್ಷ ಕ್ಯಾಂಪಸ್‌ನಲ್ಲಿ ಕೂರಬೇಕಿತ್ತು. ಕಾಂಜೂರ್‌ಮಾರ್ಗ್‌ನಲ್ಲಿ ಇಳಿದು ಬಸ್ಸು ಹಿಡಿದರೆ ಪವಾಯಿ ನಮ್ಮ ಮನೆಗೆ ಕೋರ್ಟಿಗಿಂತ ಹತ್ತಿರ. ಆ ಆಸೆಯೂ ಇತ್ತು. ಈಗಷ್ಟೇ ಎಲ್‌ಎಲ್‌ಬಿ ಮುಗಿಸಿ, ಪಾಠ ಮಾಡುವುದೇ ಗುರಿ ಅನ್ನುವವರಿಗೆ ಒಂದು ವರ್ಷದ್ದು ಬಂಗಾರ. ಬೇಗ ಮುಗಿಸಿ ನೆಟ್ ಪರೀಕ್ಷೆ ಬರೆಯಬಹುದು. ನಾಲ್ಕು ವರ್ಷದಿಂದ ಕೈಯಲ್ಲಿ ಫೈಲು ಇರುವವಳಿಗೆ ಅಲ್ಲ. ಕಕ್ಷಿದಾರರು ಒಂದು ವರ್ಷ ಕಾಯುತ್ತಾರಾ? ಒಂದು ತಿಂಗಳು ಫೋನ್ ಎತ್ತದಿದ್ದರೆ ಬೇರೆಯವರ ವಕಾಲತ್ತು ಸಹಿ ಆಗಿರುತ್ತದೆ.

ಇದೇ ಸಮಯಕ್ಕೆ ಸಾಂಗ್ಲಿಯ ನನ್ನ ಗೆಳತಿಯ ಲೆಕ್ಕವೂ ತಿರುಗಿಬಿತ್ತು. ಅವಳು ಎಲ್‌ಎಲ್‌ಎಂ ಓದುತ್ತಾ ಜೆಎಂಎಫ್‌ಸಿ, ಅಂದರೆ ಕೆಳಗಿನ ಕೋರ್ಟಿನ ಜಡ್ಜ್ ಪರೀಕ್ಷೆಗೆ ತಯಾರಿ ಮಾಡುವ ಯೋಚನೆಯಲ್ಲಿದ್ದಳು. ಎಷ್ಟೋ ಜನರಿಗೆ ಎಲ್‌ಎಲ್‌ಎಂ ಅಂದರೆ ಜಡ್ಜ್ ಪರೀಕ್ಷೆಯ ವೇಟಿಂಗ್ ರೂಮ್ ಅಲ್ವಾ? 2025ರ ಮೇ 20ರಂದು ಸುಪ್ರೀಂ ಕೋರ್ಟು ಸಿವಿಲ್ ಜಡ್ಜ್ ಜೂನಿಯರ್ ಡಿವಿಷನ್ ಪರೀಕ್ಷೆಗೆ ಮೂರು ವರ್ಷದ ವಕೀಲಿ ಬೇಕೇ ಬೇಕು ಅಂತ ತೀರ್ಪು ಕೊಟ್ಟಿತು. ಮರುದಿನವೇ ಅವಳ ಫೋನು. “ಪುಸ್ತಕ ಮಡಚಿಟ್ಟೆ, ಕೋಟು ಹೊಲಿಸ್ತಿದ್ದೇನೆ” ಅಂದಳು. ಈಗ ಸಾಂಗ್ಲಿಯಲ್ಲಿ ಚೆಕ್ ಬೌನ್ಸ್ ಕೇಸುಗಳನ್ನು ಓಡಿಸುತ್ತಿದ್ದಾಳೆ. ನನಗಿಂತ ಜಾಸ್ತಿ ದುಡಿಯುತ್ತಾಳೆ, ಅದು ಬೇರೆ ಮಾತು.

ಸೀನಿಯರ್‌ಗೆ ಹೇಳಿದಾಗ ಅವರು ನಕ್ಕರು. “ಓದುವುದಾದರೆ ಕಕ್ಷಿದಾರರ ಫೈಲು ಓದು” ಅಂದರು. ಬೇಸರವಾಯಿತು, ಆದರೆ ಅವರು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಆಮೇಲೆ ಅವರೇ ಕೇಳಿದರು, “ಯಾವ ವಿಷಯ?” ಹೇಳಿದೆ. ಸುಮ್ಮನೆ ಸ್ವಲ್ಪ ಹೊತ್ತು ಕೂತರು. ಎದ್ದು ಹಿಂದಿನ ಕಪಾಟಿನಿಂದ ತೀರ್ಪುಗಳ ಒಂದು ಹಳೇ ಎಐಆರ್ ಸಂಪುಟ ತೆಗೆದು ಮೇಜಿನ ಮೇಲೆ ಇಟ್ಟರು. 1959ರ ಸುಪ್ರೀಂ ಕೋರ್ಟ್ ತೀರ್ಪು, ಅಸೋಸಿಯೇಟೆಡ್ ಹೋಟೆಲ್ಸ್ ವಿರುದ್ಧ ಕಪೂರ್. ದೆಹಲಿಯ ಇಂಪೀರಿಯಲ್ ಹೋಟೆಲಿನ ಎರಡು ಕೋಣೆಯಲ್ಲಿ ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದವರ ಕೇಸು. ಕಾಗದದಲ್ಲಿ ಲೈಸೆನ್ಸ್ ಅಂತ ಬರೆದಿತ್ತು. ಕೋರ್ಟು ಹೆಸರು ನೋಡಬೇಡಿ, ನಿಜವಾಗಿ ಕೊಟ್ಟದ್ದೇನು ಅಂತ ನೋಡಿ ಅಂದಿತು. ಅದು ಲೀಸ್, ಅಂದರೆ ಬಾಡಿಗೆ, ಅಂತ ತೀರ್ಮಾನವಾಯಿತು. ಲಾ ಕಾಲೇಜಿನಲ್ಲಿ ಇದನ್ನು ಎರಡು ಸಾಲಿನಲ್ಲಿ ಬಾಯಿಪಾಠ ಮಾಡಿದ್ದೆ. ಅವತ್ತು ಪೂರ್ತಿ ಓದಿದೆ. ಹೋಟೆಲು, ಕೋಣೆ, ಕತ್ತರಿ. ನಮ್ಮ ಮಾವನದ್ದೇ ಜಗಳ, ಬರೀ ಗ್ರೈಂಡರ್ ಇಲ್ಲ.

ಆಮೇಲೆ ಹುಡುಕುವ ದಾರಿ ಬದಲಾಯಿತು. ಕಾಲೇಜಿನ ಹೆಸರು ನೋಡುವುದು ಬಿಟ್ಟು ಸಿಲೆಬಸ್ ತೆಗೆದೆ. ಸಂವಿಧಾನ, ಕ್ರಿಮಿನಲ್, ಬಿಸಿನೆಸ್, ಬೌದ್ಧಿಕ ಆಸ್ತಿ, ಮಾನವ ಹಕ್ಕು. ನಾನು ನೋಡಿದ್ದರಲ್ಲಿ ಎಲ್ಲೂ ಬಾಡಿಗೆ ಕಾನೂನು ಅಂತ ಒಂದು ಗುಂಪು ಇರಲಿಲ್ಲ. ಇಡೀ ಊರು ಪಗಡಿ (ಮೊದಲೇ ದೊಡ್ಡ ಮೊತ್ತ ಕೊಟ್ಟು ಹಿಡಿಯುವ ಹಳೇ ಬಾಡಿಗೆ) ಮತ್ತು ಲೀವ್-ಲೈಸೆನ್ಸ್ ಮೇಲೆ ನಿಂತಿದೆ, ಓದಲು ಮಾತ್ರ ಅದು ದೊಡ್ಡ ವಿಷಯವಲ್ಲ! ಸಿಟ್ಟೂ ಬಂತು, ನಗುವೂ ಬಂತು. ಹಾಗಾಗಿ ಮೇಷ್ಟ್ರನ್ನು ಹುಡುಕಿದೆ. ಆರು ಜನಕ್ಕೆ ಮೇಲ್ ಬರೆದೆ. ಇಬ್ಬರು ಉತ್ತರ ಕೊಟ್ಟರು. ಒಬ್ಬರು “ವಿಷಯ ತೀರಾ ಸಣ್ಣದು, ಡೇಟಾ ಪ್ರೈವಸಿ ಮಾಡಿ” ಅಂದರು. ಇನ್ನೊಬ್ಬರು ಮುಂಬೈ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜೊಂದರ ಮೇಡಂ, ಒಂದೇ ಪ್ರಶ್ನೆ ಕೇಳಿದರು: “ಎಷ್ಟು ಅಗ್ರಿಮೆಂಟ್ ಕೈಗೆ ಸಿಗುತ್ತದೆ?”

ನಮ್ಮ ಹೋಟೆಲಿನವರ ಜಾತ್ರೆ ಅವರಿಗೆ ಗೊತ್ತಿಲ್ಲ. ಮಾಟುಂಗದಿಂದ ಭಾಯಂದರ್‌ವರೆಗೆ ಅಪ್ಪನ ಪರಿಚಯದ ಹೋಟೆಲಿನವರ ಮನೆಗೆ ಹೋಗಿ ಒಂದೊಂದು ಚಹಾ ಕುಡಿದರೆ ಐವತ್ತು ಸಿಗುತ್ತದೆ. ಹೆಸರು, ವಿಳಾಸ ಅಳಿಸಿ ಕೊಡುತ್ತೇನೆ ಅಂದರೆ ಇನ್ನೂ ಜಾಸ್ತಿ. ಹಾಗೇ ಹೇಳಿದೆ. “ಹಾಗಾದರೆ ಬಾ” ಅಂದರು.

ಎರಡು ವರ್ಷದ ಕೋರ್ಸು, ಕ್ಲಾಸು ಸಂಜೆ. ಐದೂವರೆಗೆ ಕೋರ್ಟಿನಿಂದ ಓಡಬೇಕು. ರಾತ್ರಿ ಡೊಂಬಿವಲಿ ತಲುಪುವಾಗ ಹತ್ತೂವರೆ. ಅಮ್ಮನಿಗೆ ಇದು ಹಿಡಿಸಿಲ್ಲ. ನೋಟಿಸ್ ಬೋರ್ಡಿನಲ್ಲಿ ದೊಡ್ಡ ಹೆಸರುಗಳೇನೂ ಇಲ್ಲ, ಕ್ಯಾಂಟೀನಿನ ವಡೆ ಕಲ್ಲು. ಕಂಪನಿಯವರು ಬಂದು ಕೆಲಸ ಕೊಡುವ ಜಾಗವೂ ಅಲ್ಲ. ಅದು ಬೇಕಾದವರು ಇಲ್ಲಿಗೆ ಬರಬೇಡಿ.

ಇನ್ನೊಂದು ಆಸೆಯೂ ಇದೆ, ಅಪ್ಪನಿಗೆ ಕರಿ ಕೋಟಿಗಿಂತ ಇಷ್ಟವಾದದ್ದು. ಎಲ್‌ಎಲ್‌ಎಂನಲ್ಲಿ ಶೇಕಡಾ 55 ಬಂದು, ನೆಟ್ ಅಥವಾ ಸೆಟ್ ಪಾಸಾದರೆ ಪಾಠ ಮಾಡಲು ಅರ್ಹತೆ ಬರುತ್ತದೆ. ವಕೀಲಿ ಬಿಡಬೇಕಾಗಿಲ್ಲ. ಬಾರ್ ಕೌನ್ಸಿಲ್‌ನ 1979ರ ನಿಯಮದ ಪ್ರಕಾರ ಪ್ರಾಕ್ಟೀಸ್ ಮಾಡುವವರು ದಿನಕ್ಕೆ ಮೂರು ಗಂಟೆಯವರೆಗೆ ಕಾನೂನು ಪಾಠ ಮಾಡಬಹುದು. ಅಪ್ಪನಿಗೆ ಇದನ್ನು ಹೇಳಿದೆ. ರಾತ್ರಿಶಾಲೆಯ ಮೇಷ್ಟ್ರುಗಳೂ ಹಾಗೇ, ಹಗಲು ಆಫೀಸು, ರಾತ್ರಿ ಪಾಠ ಅಂದರು. ಆಮೇಲೆ ಅವರ ಗಣಿತದ ಮೇಷ್ಟ್ರ ಕಥೆ ಶುರುವಾಯಿತು. ಅದು ನಾನು ಇಪ್ಪತ್ತು ಸಲ ಕೇಳಿದ್ದು. ಅವತ್ತು ಇಪ್ಪತ್ತೊಂದನೇ ಸಲ ಕೇಳಿದೆ.

ಭಾನುವಾರ ಮಾವ ಮನೆಗೆ ಬಂದಿದ್ದರು. ಕೈಯಲ್ಲಿ ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಅದರಲ್ಲಿ ಅಗ್ರಿಮೆಂಟು, ನೋಟಿಸು, ಕೋರ್ಟಿನ ಆದೇಶ, ಹನ್ನೊಂದು ವರ್ಷದ ಕಾಗದ. ಕೇಸಂತೂ ಮುಗಿದ ಕಥೆ. ಮಾಲೀಕರ ಜೊತೆ ರಾಜಿಯಾಗಿ ಡಿಪಾಸಿಟಿನ ಅರ್ಧ ವಾಪಸ್ ಬಂದಿತ್ತು. “ನಿನ್ನ ಓದಿಗೆ ಬೇಕಾದ್ರೆ ಇಟ್ಕೊ” ಅಂದರು.

ಪಟ್ಟಿಯ ಪುಟ ತೆಗೆದೆ. ಮೇಜು 14. ಕುರ್ಚಿ 56. ಗ್ರೈಂಡರ್ 1. ಎಲ್ಲ ಮಾಲೀಕರದು ಅಂತ ಇಂಗ್ಲಿಷಿನಲ್ಲಿ ಇತ್ತು, ಕೆಳಗೆ ಮಾವನ ಕನ್ನಡ ಸಹಿ.

“ಮಾವ, ನೀವು ಹಿಡಿಯುವಾಗ ಹೋಟೆಲ್ ನಡೀತಿತ್ತಾ?”

“ಎಂತ ನಡೆಯೋದು? ಎಂಟು ತಿಂಗಳು ಬಾಗಿಲು ಹಾಕಿತ್ತು. ಒಳಗೆ ಇಲಿ ಬಿಟ್ರೆ ಏನಿರ್ಲಿಲ್ಲ.”

“ಮತ್ತೆ ಗ್ರೈಂಡರ್?”

“ಅದು ನಂದು. ಕೊಯಮತ್ತೂರಿನಿಂದ ತರಿಸಿದ್ದು.”

“ಇದನ್ನು ಕೋರ್ಟಿನಲ್ಲಿ ಹೇಳಿದ್ರಾ?”

“ಯಾರೂ ಕೇಳ್ಲಿಲ್ಲ.”

ಅಮ್ಮ ಚಹಾ ತಂದಳು. ಮಾವ ಚೀಲದ ತಳಕ್ಕೆ ಕೈ ಹಾಕಿ ತುಂಬಾ ಹೊತ್ತು ತಡಕಾಡಿದರು. ನಾಲ್ಕು ಮಡಿಕೆಯ ಒಂದು ಹಳದಿ ಕಾಗದ ಹೊರಗೆ ಬಂತು. ಲಾರಿ ಟ್ರಾನ್ಸ್‌ಪೋರ್ಟಿನ ರಸೀದಿ. ಅದರ ಜೊತೆ ಪಿನ್ ಹಾಕಿದ ಬಿಲ್ಲು, ಪಿನ್ನು ತುಕ್ಕು ಹಿಡಿದಿತ್ತು. ಹತ್ತು ಲೀಟರ್ ಗ್ರೈಂಡರ್. ತಾರೀಖು 2004ರ ಜೂನ್. ಹೆಸರು ಮಾವನದ್ದು.